ಬಿಸಿಯೂಟಕ್ಕೆ ಪೋಷಕರು ಹಣ ಕಟ್ಟಬೇಕಿಲ್ಲ: ಸ್ಪಷ್ಟನೆ

‘ಸರ್ಕಾರಿ ಶಾಲೆಯ ಬಿಸಿಯೂಟಕ್ಕೆ ಇನ್ನು ತಿಂಗಳಿಗೆ 100 ರೂಪಾಯಿ ಕೊಡಬೇಕು, ಮೊಟ್ಟೆ ತಿನ್ನುವುದು ಕಡ್ಡಾಯ’ ಎಂಬ ಸಂದೇಶ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ಸುಳ್ಳು.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಎಂಟನೇ ತರಗತಿಯವರೆಗೆ ಉಚಿತ ಊಟ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಮಕ್ಕಳ ಹಕ್ಕು. ಕರ್ನಾಟಕದಲ್ಲಿ ಅಕ್ಷರ ದಾಸೋಹದ (ರಾಜ್ಯದ ಬಿಸಿಯೂಟ ಯೋಜನೆ) ಊಟ ಹತ್ತನೇ ತರಗತಿಯವರೆಗೂ ಇದೆ. ಪ್ರಾಥಮಿಕ ಹಂತದ ಮಗುವಿಗೆ ದಿನಕ್ಕೆ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. ಹಿರಿಯ ಪ್ರಾಥಮಿಕ ಹಂತದಲ್ಲಿ 700 ಕ್ಯಾಲರಿ, 20 ಗ್ರಾಂ. ಊಟ ನೀಡದ ದಿನಗಳಿಗೆ ಆಹಾರ ಭದ್ರತಾ ಭತ್ಯೆ (ಊಟದ ಬದಲು ಧಾನ್ಯ ಮತ್ತು ಅಡುಗೆ ವೆಚ್ಚ) ಕೊಡಬೇಕೆಂದು 2015ರ ಮಧ್ಯಾಹ್ನದ ಊಟದ ನಿಯಮಗಳು ಹೇಳುತ್ತವೆ. ಈ ಕೊನೆಯ ಅಂಶ ಪ್ರತಿ ತಾಯಿ ತಂದೆಗೂ ಗೊತ್ತಿರಲೇಬೇಕು.

100 ರೂಪಾಯಿಯ ಮಾತು ಬಹುಶಃ ಶಿಕ್ಷಣ ಇಲಾಖೆಯ 2022ರ ಅಕ್ಟೋಬರ್‌ನ ಸುತ್ತೋಲೆಯ ನೆನಪಿನಿಂದ ಹುಟ್ಟಿದ್ದು. ಅದು ಶಾಲೆಯ ಖರ್ಚಿಗೆ ಪೋಷಕರಿಂದ ಸ್ವಯಂಪ್ರೇರಿತ ದೇಣಿಗೆ ಪಡೆಯುವ ಕುರಿತಾಗಿತ್ತು, ಊಟದ ಶುಲ್ಕವಾಗಿರಲಿಲ್ಲ. ವಿರೋಧ ಬಂದ ಕೂಡಲೇ ಹಿಂದಕ್ಕೆ ಪಡೆಯಲಾಯಿತು.

ಮೊಟ್ಟೆ ಬೇಡವೆನ್ನುವ ಮಗುವಿಗೆ ಬಾಳೆಹಣ್ಣು ಕೊಡುತ್ತಾರೆ. ಆಯ್ಕೆ ಮಗುವಿನದು, ಮನೆಯದು. ಇಂಥ ಸಂದೇಶ ನಂಬಿ ಮಗುವಿಗೆ ಊಟ ತಪ್ಪಿಸಬೇಡಿ. ಯಾರಾದರೂ ಊಟಕ್ಕೆ ಹಣ ಕೇಳಿದರೆ ಮುಖ್ಯಶಿಕ್ಷಕರಿಗೆ, ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಥವಾ ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಲಿಖಿತ ದೂರು ಕೊಡಿ.