ಗಲ್ಲಾಪೆಟ್ಟಿಗೆಯ ಏರಿಳಿತ

ಚಿಕ್ಕಮಗಳೂರಿನ ಯಾವುದಾದರೂ ಸಣ್ಣ ಕಾಫಿ ಅಂಗಡಿಯಲ್ಲಿ ಬೋಣಿಗೇ ದೊಡ್ಡ ನೋಟು ಚಾಚಿ ನೋಡಿ. "ಚಿಲ್ಲರೆ ಕೊಡಿ ಸಾರ್" ಅನ್ನುವ ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಜಾಸ್ತಿ. ಆ ಸಂಕಟಕ್ಕೊಂದು ಲೆಕ್ಕವಿದೆ.

ಕಾಫಿಗೆ ಹತ್ತು ರೂಪಾಯಿ ಅಂತಿಟ್ಟುಕೊಳ್ಳಿ. ಗಲ್ಲಾ ಖಾಲಿ. ನಾಲ್ಕು ಜನ ಬರುತ್ತಾರೆ, ಇಬ್ಬರ ಕೈಲಿ ಹತ್ತರ ನೋಟು, ಇಬ್ಬರ ಕೈಲಿ ಇಪ್ಪತ್ತರದು. ನೋಟುಗಳು ಬರಬಹುದಾದ ಸರದಿ ಒಟ್ಟು 6. ಚಿಲ್ಲರೆಗೆ ಪರದಾಡದೆ ಸಾಗುವುದು ಎರಡೇ: ಹತ್ತು, ಹತ್ತು, ಇಪ್ಪತ್ತು, ಇಪ್ಪತ್ತು, ಇಲ್ಲವೇ ಹತ್ತು, ಇಪ್ಪತ್ತು, ಹತ್ತು, ಇಪ್ಪತ್ತು. ಹೀಗೇ ಅರ್ಧರ್ಧ ನೋಟಿನ ಆರು ಜನ ಬಂದರೆ 20ರಲ್ಲಿ 5. ಎಂಟು ಜನಕ್ಕೆ 70ರಲ್ಲಿ 14. ಹತ್ತು ಜನಕ್ಕೆ 252ರಲ್ಲಿ 42. ಗಿರಾಕಿ ಹೆಚ್ಚಿದಷ್ಟೂ ಪಾರಾಗುವುದು ಕಷ್ಟ! ಇಪ್ಪತ್ತು ಜನರ ಸಾಲಿಗೆ ಹನ್ನೊಂದರಲ್ಲಿ ಒಂದೇ ಪಾಲು. ವ್ಯಾಪಾರ ಜೋರಿರುವ ದಿನವೇ ಅಂಗಡಿಯವರು ಗೊಣಗುವುದು ಸುಮ್ನೆ ಅಲ್ಲ.

ಈ 2, 5, 14, 42ಕ್ಕೆ ಕ್ಯಾಟಲನ್ ಸಂಖ್ಯೆಗಳು ಅಂತ ಹೆಸರು. ಗಲ್ಲಾದಲ್ಲಿ ಸಿಕ್ಕಿದ್ದು ಬೆಟ್ಟದಲ್ಲೂ ಸಿಗುತ್ತದೆ. ಒಂದೊಂದು ಹೆಜ್ಜೆಗೂ ಒಂದೇ ಅಳತೆಯ ಏರು ಅಥವಾ ಇಳಿಜಾರು. ಬುಡದಿಂದ ಹೊರಟು ಬುಡಕ್ಕೇ ಬರಬೇಕು, ನಡುವೆ ಬುಡಕ್ಕಿಂತ ಕೆಳಗಿಳಿಯಬಾರದು. ಮೂರು ಏರು, ಮೂರು ಇಳಿತ ಇದ್ದರೆ ಇಂಥ ದಾರಿ 5. ನಾಲ್ಕು ನಾಲ್ಕಾದರೆ 14. ಮುಳ್ಳಯ್ಯನಗಿರಿಯ 1,930 ಮೀಟರಿಗೆ ಎಷ್ಟು ಅಂತ ಮಾತ್ರ ಕೇಳಬೇಡಿ, ಬರೆಯಲು ಈ ಪುಟ ಸಾಲದು.

ಎರಡೂ ಕಡೆ ಒಂದೇ ಸಂಖ್ಯೆ ಯಾಕೆ? ಹತ್ತರ ನೋಟು ಬಂದರೆ ಗಲ್ಲಾದಲ್ಲಿ ಹತ್ತರ ನೋಟು ಒಂದು ಹೆಚ್ಚುತ್ತದೆ, ಅದು ಏರು. ಇಪ್ಪತ್ತರದು ಬಂದರೆ ಒಂದು ಹತ್ತು ಹೊರಗೆ ಹೋಗುತ್ತದೆ, ಅದು ಇಳಿತ. ಗಲ್ಲಾದಲ್ಲಿ ಹತ್ತರ ನೋಟು ಬರಿದಾದಾಗ ಇಪ್ಪತ್ತರದು ಬಂತೋ, ನೆಲಕ್ಕಿಂತ ಕೆಳಗೆ ಇಳಿಯಬೇಕು. ಆಗಲೇ "ಚಿಲ್ಲರೆ ಕೊಡಿ ಸಾರ್". ಈಗ ಫೋನ್‌ಪೇ ಬಂದು ಈ ಏರಿಳಿತವನ್ನೇ ಸಪಾಟು ಮಾಡಿದೆ, ಆ ಮಾತು ಬೇರೆ.

ಅಮೆರಿಕದ ರಿಚರ್ಡ್ ಸ್ಟ್ಯಾನ್ಲಿ ಅನ್ನುವ ಗಣಿತಜ್ಞರು ಈ ಸಂಖ್ಯೆಗಳು ತಲೆಹಾಕುವ 214 ಜಾಗಗಳನ್ನು ಪಟ್ಟಿ ಮಾಡಿದ್ದಾರೆ. ಅಷ್ಟೊಂದು ತಾಳ್ಮೆ ನನಗಂತೂ ಇಲ್ಲ. ನನಗೆ ಇಷ್ಟವಾದದ್ದು 1751ರಲ್ಲಿ ಗಣಿತಜ್ಞ ಆಯ್ಲರ್ ತಮ್ಮ ಗೆಳೆಯ ಗೋಲ್ಡ್‌ಬಾಕ್‌ಗೆ ಕಾಗದದಲ್ಲಿ ಬರೆದದ್ದು. ಈ ಸಂಖ್ಯೆಗಳಿಗೆ ಯಾರ ಹೆಸರಿದೆಯೋ ಆ ಗಣಿತಜ್ಞ ಕ್ಯಾಟಲನ್ ಆಗಿನ್ನೂ ಹುಟ್ಟಿರಲಿಲ್ಲ. ಆಯ್ಲರ್ ಬರೆದ ಲೆಕ್ಕ ಇದು: ಎಲ್ಲೂ ಒಳಕ್ಕೆ ತಗ್ಗಿರದ, ಹಲವು ಮೂಲೆಗಳ ಆಕೃತಿಯೊಂದನ್ನು, ಮೂಲೆಯಿಂದ ಮೂಲೆಗೆ, ಒಂದನ್ನೊಂದು ದಾಟದ ಹಾಗೆ ಗೆರೆ ಎಳೆದು ತ್ರಿಕೋನಗಳಾಗಿ ಒಡೆಯಬೇಕು. ಐದು ಮೂಲೆಯ ಆಕೃತಿಗೆ 5 ಬಗೆ, ಆರು ಮೂಲೆಯದಕ್ಕೆ 14. ಆರು ಮೂಲೆ ಅಂದರೆ ನಾಲ್ಕು ತ್ರಿಕೋನ, ನಾಲ್ಕು ಪಾಲು. ನಮ್ಮ ಕಡೆ ಕಾಫಿ ತೋಟ ಹೀಗೆ ಹಂಚಲು ಕೂತರೆ ಆ ಹದಿನಾಲ್ಕೂ ಮಧ್ಯಾಹ್ನದ ಊಟದೊಳಗೆ ಮುಗಿದುಹೋಗುತ್ತವೆ. ಊಟ ಆದಮೇಲೆ ಚಿಕ್ಕಪ್ಪನವರು ಹದಿನೈದನೆಯ ಬಗೆ ತೆಗೆಯುತ್ತಾರೆ.