ಫ್ಯಾಟಿ ಲಿವರ್‌ಗೆ ಅಮೃತಬಳ್ಳಿ ಕಷಾಯ: ಸ್ಪಷ್ಟನೆ

‘ಖಾಲಿ ಹೊಟ್ಟೆಗೆ ಅಮೃತಬಳ್ಳಿ ಕಷಾಯ ಕುಡಿಯಿರಿ, ವಾರದಲ್ಲಿ ಲಿವರ್ ಕೊಬ್ಬು ಕರಗುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ. ಅಮೃತಬಳ್ಳಿ ಸೇವಿಸಿದ ಕೆಲವರ ಲಿವರ್‌ಗೇ ಹಾನಿಯಾದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ದಯವಿಟ್ಟು ಮನೆಯ ಹಿರಿಯರಿಗೆ ಕುಡಿಸಬೇಡಿ.

ಕೊಬ್ಬು ಕರಗುವುದು ತೂಕ ಇಳಿದಾಗ. 80 ಕಿಲೊ ಇರುವವರು 4 ಕಿಲೊ ಇಳಿದರೂ ಲಿವರ್‌ನ ಕೊಬ್ಬು ಕಡಿಮೆಯಾಗುತ್ತದೆ. ಉರಿಯೂತ ತಗ್ಗಲು 6ರಿಂದ 8 ಕಿಲೊ ಇಳಿಯಬೇಕು. ಅದು ತಿಂಗಳುಗಟ್ಟಲೆಯ ಕೆಲಸ. ಉಪವಾಸ ಬಿದ್ದು ಒಮ್ಮೆಲೇ ಇಳಿಸಿದರೆ ತೊಂದರೆ ಹೆಚ್ಚಬಹುದು. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ತಟ್ಟೆಯಲ್ಲಿ ಅನ್ನ ಕಡಿಮೆ, ಕಾಳು-ಸೊಪ್ಪು ಹೆಚ್ಚು. ಎಣ್ಣೆಗಿಂತ ಮೊದಲು ಸಕ್ಕರೆ ಬಿಡಿ: ಕೂಲ್‌ಡ್ರಿಂಕ್ಸ್, ಪ್ಯಾಕೆಟ್ ಜ್ಯೂಸ್, ಬೇಕರಿ ತಿಂಡಿ. ಮದ್ಯ ಮುಟ್ಟದವರಿಗೂ ಈ ಕಾಯಿಲೆ ಬರುತ್ತದೆ; ಮಧುಮೇಹ, ಬೊಜ್ಜು ಇರುವವರು ವೈದ್ಯರನ್ನು ಕಂಡು ಪರೀಕ್ಷಿಸಿಕೊಳ್ಳಿ.