ಕಾರ್ಪೊರೇಟರ್ ಇಲ್ಲದ ವಾರ್ಡ್

"ಕಾರ್ಪೊರೇಟರ್‌ಗಳು ಇಲ್ಲದ್ದೇ ಒಳ್ಳೇದಾಯ್ತು ಬಿಡಿ, ತಿನ್ನೋ ಬಾಯಿ ಕಡಿಮೆ ಆಯ್ತು." ಬೆಂಗಳೂರಿನಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ವಾರ್ಡಿನ ಹಳೇ ಕಾರ್ಪೊರೇಟರ್ ಸಾಚಾ ಆಗಿರಲಿಲ್ಲ. ಮನೆ ಕಟ್ಟಲು ಮರಳು ಇಳಿಸಿದರೆ ಸಂಜೆಯೊಳಗೆ ಅವರ ಹುಡುಗರು ಗೇಟಿನ ಮುಂದೆ ಹಾಜರು. ಅದೆಲ್ಲ ಬೀದಿಗೇ ಗೊತ್ತಿತ್ತು. ಆದರೆ ಮೋರಿಯ ಚಪ್ಪಡಿ ಮುರಿದಾಗ ನಮ್ಮಮ್ಮ ಬೆಳಿಗ್ಗೆ ಏಳಕ್ಕೇ ಅವರ ಜಗಲಿ ಮುಂದೆ ನಿಂತು, "ಏನಪ್ಪಾ, ಓಟು ಕೇಳೋಕೆ ಬಂದಾಗ ಇದೇ ಮೋರಿ ದಾಟಿಕೊಂಡು ತಾನೇ ಬಂದಿದ್ದು?" ಅಂತ ಎಲ್ಲರೆದುರು ಕೇಳಿದ್ದರು. ಮೂರನೇ ದಿನ ಹೊಸ ಚಪ್ಪಡಿ ಬಂತು. ಆ ಮನುಷ್ಯನಿಗೆ ಮತ್ತೆ ಓಟು ಬೇಕಿತ್ತು, ಅಷ್ಟೇ.

ಬೆಂಗಳೂರು ಮಹಾನಗರ ಪಾಲಿಕೆಗೆ, ಅಂದರೆ ಬಿಬಿಎಂಪಿಗೆ, ನಾವು ಓಟು ಹಾಕಿದ್ದು 2015ರ ಆಗಸ್ಟ್‌ನಲ್ಲಿ, 198 ವಾರ್ಡಿಗೆ. 2020ರ ಸೆಪ್ಟೆಂಬರ್ 10ಕ್ಕೆ ಅವಧಿ ಮುಗಿದು ಆಡಳಿತಾಧಿಕಾರಿ ಬಂದರು. ಹೈಕೋರ್ಟ್ ಚುನಾವಣೆ ನಡೆಸಿ ಅಂದಿತು, ಸುಪ್ರೀಂ ಕೋರ್ಟಿನಿಂದ ತಡೆ ಬಂತು. ವಾರ್ಡು 243 ಆಯಿತು, ಆಮೇಲೆ 225. ಬಿಜೆಪಿ ಸರ್ಕಾರವೂ ಎಳೆಯಿತು, ಕಾಂಗ್ರೆಸ್ ಸರ್ಕಾರವೂ ಎಳೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆದಾಗ, ಐದರಲ್ಲೂ ಚುನಾಯಿತ ಸದಸ್ಯ ಒಬ್ಬನೂ ಇರಲಿಲ್ಲ. ಅವಧಿ ಮುಗಿಯುವುದರೊಳಗೆ ಚುನಾವಣೆ ಆಗಬೇಕೆಂದು ಸಂವಿಧಾನದ 74ನೇ ತಿದ್ದುಪಡಿಯೇ ಹೇಳುತ್ತದೆ. 2006ರಿಂದ 2010ರವರೆಗೂ ಇದೇ ಕತೆ ಆಗಿತ್ತು, ನಾವು ಮರೆತಿದ್ದೇವೆ.

ಸರಿ, ಕಮಿಷನ್ ನಿಂತಿತಾ? ಸರ್ಕಾರಿ ಕಾಮಗಾರಿಗಳಲ್ಲಿ 40% ಕಮಿಷನ್ ಕೇಳುತ್ತಾರೆಂದು ರಾಜ್ಯ ಗುತ್ತಿಗೆದಾರರ ಸಂಘ ಆರೋಪ ಮಾಡಿ ಪ್ರಧಾನಿಗೆ ಪತ್ರ ಬರೆದದ್ದು 2021ರಲ್ಲಿ. ಆಗ ಬೆಂಗಳೂರಲ್ಲಿ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ.

ವಾರ್ಡಿನ ಕಾಮಗಾರಿ ಹಣ ಎಲ್ಲೂ ಹೋಗಿಲ್ಲ, ಅದರ ಲೆಕ್ಕ ಕೇಳುವ ಸಭೆ ಹೋಗಿದೆ. ಹತ್ತಾರು ವಾರ್ಡಿನ ಕೆಲಸ ಒಬ್ಬ ಶಾಸಕರ ಕಚೇರಿ ಸುತ್ತ ಸೇರಿಕೊಂಡಿದೆ. ಯಾವ ರಸ್ತೆಗೆ ಡಾಂಬರು, ಯಾರಿಗೆ ಗುತ್ತಿಗೆ, ಯಾರ ಬಿಲ್ ಮೊದಲು ಅನ್ನುವುದು ಮುಚ್ಚಿದ ಬಾಗಿಲ ಹಿಂದಿನ ಮಾತು. ಮೊದಲು ಪಾಲಿಕೆ ಸಭೆಯಲ್ಲಿ ವಿರೋಧ ಪಕ್ಷದವರಾದರೂ ಫೈಲು ಎತ್ತಿ ಹಿಡಿದು ಕೂಗುತ್ತಿದ್ದರು, ಮರುದಿನ ಪೇಪರಿನಲ್ಲಿ ಬರುತ್ತಿತ್ತು. ಕದಿಯುವವನಿಗೆ ಆ ಕೂಗಿನ ಭಯವಾದರೂ ಇರಬೇಕು.

ಈ ಮಳೆಗಾಲದಲ್ಲಿ ಅದೇ ಚಪ್ಪಡಿ ಮತ್ತೆ ಒಡೆಯಿತು. ಆ್ಯಪ್‌ನಲ್ಲಿ ದೂರು ಕೊಟ್ಟೆ, "ಪರಿಹರಿಸಲಾಗಿದೆ" ಅಂತ ಮೆಸೇಜ್ ಬಂತು. ಎಂಜಿನಿಯರ್‌ಗೆ ಫೋನ್ ಮಾಡಿದರೆ, "ನಾನು ಬಂದು ಹದಿನೈದು ದಿನ ಆಯ್ತು ಸಾರ್" ಅಂದರು. ಪಕ್ಕದ ಮನೆಯವರು ಹಳೇ ಬಾಗಿಲೊಂದನ್ನು ತಂದು ಮೋರಿ ಮೇಲೆ ಹಾಕಿದ್ದಾರೆ. ಅಮ್ಮ ಈಗ ಅದರ ಮೇಲೆ ಕಾಲಿಡಲು ಹೆದರಿ ಬೀದಿ ಸುತ್ತಿಕೊಂಡು ಹಾಲಿಗೆ ಹೋಗುತ್ತಾರೆ.